ಕ್ಯಾನ್ವಾಸ್ ಯಾರ ದುಡ್ಡಿನದು?

ಮೂಲನಿವಾಸಿ ಕಲಾವಿದರಿಗೆ ಅನುದಾನ ಅಂದಕೂಡಲೇ ಪ್ರದರ್ಶನ, ಕ್ಯಾಟಲಾಗು, ಪ್ರಶಸ್ತಿಗಳ ಮಾತು ಶುರುವಾಗುತ್ತದೆ. ನನ್ನ ಪ್ರಕಾರ ದುಡ್ಡು ಮೊದಲು ಹೋಗಬೇಕಾದದ್ದು ಬಣ್ಣ, ಬಟ್ಟೆ, ಕುಂಚಕ್ಕೆ. ಅದೂ ಕೆಲಸ ಶುರುವಾಗುವ ಮೊದಲೇ ಕಲಾವಿದರ ಕೈ ಸೇರಬೇಕು. ಆಸ್ಟ್ರೇಲಿಯಾದ ಕಥೆ ನೋಡಿದರೆ ಇದು ಯಾಕೆ ಅಂತ ತಿಳಿಯುತ್ತದೆ.

ಮಧ್ಯ ಆಸ್ಟ್ರೇಲಿಯಾದ ಪಟ್ಟಣ ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 240 ಕಿ.ಮೀ. ದೂರದ ಪಪುನ್ಯಾದಲ್ಲಿ 1971ರಲ್ಲಿ ಊರಿನ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಚಿತ್ರ ಬರೆದರು. ಬೆಂಬಲಕ್ಕೆ ನಿಂತವರು ಅಲ್ಲಿನ ಮೇಷ್ಟ್ರು ಜೆಫ್ರಿ ಬಾರ್ಡನ್. ಆಮೇಲೆ ಕೈಗೆ ಸಿಕ್ಕ ಹಾರ್ಡ್‌ಬೋರ್ಡ್ ತುಂಡು, ಹಳೇ ಹಲಗೆಗಳ ಮೇಲೆಲ್ಲ ಬರೆದರು. 1972ರಲ್ಲಿ ಕಲಾವಿದರೇ ಸೇರಿ ಪಪುನ್ಯಾ ತುಲಾ ಕಂಪನಿ ಕಟ್ಟಿದರು. ಆ ಹಲಗೆಗಳು ಇವತ್ತು ಮ್ಯೂಸಿಯಮ್ಮುಗಳ ಆಸ್ತಿ. ಆದರೆ ಪುಡಿ ಬಣ್ಣಕ್ಕೆ ಅಂಟು ಸಾಲದೆ ಕೆಲವು ಕಡೆ ಬಣ್ಣ ಉದುರುತ್ತದೆ.

ಇನ್ನೊಂದು ಕಥೆ ಅದೇ ಮಧ್ಯ ಆಸ್ಟ್ರೇಲಿಯಾದ ಯುಟೋಪಿಯಾ ಅನ್ನುವ ಜಾಗದ್ದು. ಅಲ್ಲಿನ ಹೆಂಗಸರು 1970ರ ದಶಕದ ಕೊನೆಯಿಂದ ಬಾಟಿಕ್, ಅಂದರೆ ಮೇಣ ಹಚ್ಚಿ ಬಟ್ಟೆಗೆ ಬಣ್ಣ ಹಾಕುವ ಕೆಲಸ, ಮಾಡುತ್ತಿದ್ದರು. 1988-89ರ ಬೇಸಿಗೆಯಲ್ಲಿ ಅವರಿಗೆ ಸುಮಾರು ನೂರು ಚಿಕ್ಕ ಕ್ಯಾನ್ವಾಸ್ ಮತ್ತು ಅಕ್ರಿಲಿಕ್ ಬಣ್ಣ ಹಂಚಿದರು. ತಗೊಂಡವರಲ್ಲಿ ಎಪ್ಪತ್ತು ದಾಟಿದ್ದ ಎಮಿಲಿ ಕಾಮೆ ಙ್ವಾರೆಯೆ ಒಬ್ಬರು. 1996ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಸಾವಿರಾರು ಚಿತ್ರ ಬರೆದಿದ್ದರು. 2007ರಲ್ಲಿ ಅವರ ಒಂದು ಚಿತ್ರ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತು. ನಮ್ಮ ದೇಶದಲ್ಲೂ ಹೀಗೇ ಆಗಿದೆ. 1960ರ ದಶಕದ ಬರಗಾಲದಲ್ಲಿ ಕರಕುಶಲ ಮಂಡಳಿಯ ಪರವಾಗಿ ಭಾಸ್ಕರ ಕುಲಕರ್ಣಿ ಬಿಹಾರದ ಮಿಥಿಲೆಯ ಹೆಂಗಸರಿಗೆ ಕಾಗದ ಕೊಟ್ಟರು. ಗೋಡೆಯ ಮೇಲಿದ್ದ ಮಧುಬನಿ ಚಿತ್ರಕಲೆ ಹೊರಜಗತ್ತಿಗೆ ಬಂದದ್ದು ಆ ಕಾಗದದ ಮೇಲೆ.

ಸಾಮಗ್ರಿ ಕಲಾವಿದರದ್ದೇ ಆಗಿರಬೇಕು ಅನ್ನುವುದಕ್ಕೆ ಮುಖ್ಯ ಕಾರಣ ದಲ್ಲಾಳಿಗಳು. ಅವರೇ ಕ್ಯಾನ್ವಾಸ್ ಕೊಡುತ್ತಾರೆ, ಬಣ್ಣ ಕೊಡುತ್ತಾರೆ, ಕೂರಲು ಜಾಗ ಕೊಡುತ್ತಾರೆ. ಕೊನೆಗೆ ಹಳೇ ಕಾರೋ ಒಂದಿಷ್ಟು ಕಾಸೋ ಕೊಟ್ಟು ಚಿತ್ರ ಎತ್ತಿಕೊಂಡು ಹೋಗುತ್ತಾರೆ. 2007ರ ಆಸ್ಟ್ರೇಲಿಯನ್ ಸೆನೆಟ್ ಸಮಿತಿಯ ವರದಿಯಲ್ಲಿ ಇಂಥ ಶೋಷಣೆಯ ಮಾತಿದೆ. ಕ್ಯಾನ್ವಾಸ್ ದಲ್ಲಾಳಿಯದ್ದಾದರೆ ಬೆಲೆ ಹೇಳುವವನೂ ಅವನೇ. ಅದಕ್ಕೇ ಕಲಾವಿದರೇ ನಡೆಸುವ ಕಲಾಕೇಂದ್ರದ ಮೂಲಕ ಸಾಮಗ್ರಿ ಹೋಗುವುದು ಒಳ್ಳೆಯದು. ಕೆನಡಾದ ಒಂಟಾರಿಯೊ ಆರ್ಟ್ಸ್ ಕೌನ್ಸಿಲ್ ಸಾಮಗ್ರಿಗೆಂದೇ ಬೇರೆ ಯೋಜನೆ ಇಟ್ಟದ್ದು ಸರಿಯಾದ ದಾರಿ.

ಇನ್ನು ದುಡ್ಡು ಬಂದ ಮೇಲೆ ಏನು ಕೊಳ್ಳಬೇಕು? ಹನ್ನೆರಡು ಬಣ್ಣದ ಗಿಫ್ಟ್ ಸೆಟ್ ಖಂಡಿತ ಬೇಡ. ಆಸ್ಟ್ರೇಲಿಯಾದ ಮರುಭೂಮಿಯ ಕಲಾವಿದರು ಚುಕ್ಕೆ ಇಟ್ಟು ಬರೆಯುವ ಚಿತ್ರಕ್ಕೆ ಬಿಳಿ ಮೊದಲು ಖಾಲಿಯಾಗುತ್ತದೆ. ಆಮೇಲೆ ಕಪ್ಪು, ರೆಡ್ ಆಕ್ಸೈಡ್, ಯೆಲ್ಲೋ ಆಕ್ಸೈಡ್. ಇವನ್ನು ಒಂದು ಲೀಟರ್ ಡಬ್ಬಿಯಲ್ಲಿ ತರಿಸಿ, ಬಿಳಿಯನ್ನು ಉಳಿದವುಗಳ ಎರಡರಷ್ಟು. ಸ್ಟೂಡೆಂಟ್ ಗ್ರೇಡ್ ಅಗ್ಗ ನಿಜ. ಆದರೆ ಅದರಲ್ಲಿ ವರ್ಣದ್ರವ್ಯ ಕಮ್ಮಿ, ಫಿಲ್ಲರ್ (ಬಣ್ಣವಿಲ್ಲದ ಅಗ್ಗದ ಪುಡಿ) ಜಾಸ್ತಿ. ಒಂದು ಸಲ ಹಚ್ಚಿದರೆ ಮುಚ್ಚುವುದಿಲ್ಲ, ಎರಡು ಮೂರು ಸಲ ಹಚ್ಚಿ ಉಳಿತಾಯವೆಲ್ಲ ಹೋಗುತ್ತದೆ. ಕೆಲವು ಬಣ್ಣಗಳು ಬಿಸಿಲಿಗೆ ಮಾಸುತ್ತವೆ ಕೂಡ. ಚುಕ್ಕೆ ಇಡಲು ಬಿದಿರಿನ ಕಡ್ಡಿ ಸಾಕು, ಅದಕ್ಕೆ ಹೆಚ್ಚು ಖರ್ಚಿಲ್ಲ.

ಬಟ್ಟೆಯ ಲೆಕ್ಕದಲ್ಲಿ ತಪ್ಪುವವರೇ ಹೆಚ್ಚು. ಮರುಭೂಮಿಯ ಕಲಾವಿದರು ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ ಸುತ್ತಲೂ ಕೂತು ಬರೆಯುತ್ತಾರೆ. ಚೌಕಟ್ಟಿಗೆ ಎಳೆದು ಕಟ್ಟುವುದು ಆಮೇಲೆ. ಅದಕ್ಕೆ ನಾಲ್ಕೂ ಕಡೆ ಏಳೂವರೆ ಸೆಂ.ಮೀ. ಅಂಚು ಬಿಡಬೇಕು. 150×120 ಸೆಂ.ಮೀ. ಚಿತ್ರಕ್ಕೆ 165×135 ಬಟ್ಟೆ ಬೇಕು ಅಂತಾಯಿತು. 2.1 ಮೀಟರ್ ಅಗಲ, 10 ಮೀಟರ್ ಉದ್ದದ ರೋಲಿನಲ್ಲಿ ಇಂಥವು ಆರು ಸಿಗುತ್ತವೆ. ಪಕ್ಕದಲ್ಲಿ ಉಳಿಯುವ 75 ಸೆಂ.ಮೀ. ಪಟ್ಟಿಯಲ್ಲಿ 60×45ರ ಚಿತ್ರಕ್ಕೆ ಹದಿನಾರು ತುಂಡು. ಅಂಚು ಬಿಡದೆ ಕತ್ತರಿಸಿದರೆ ಫ್ರೇಮ್ ಹಾಕುವಾಗ ಬರೆದ ಚಿತ್ರವೇ ಪಕ್ಕಕ್ಕೆ ಮಡಚಿ ಹೋಗುತ್ತದೆ. ಬಣ್ಣಕ್ಕೆ ಮೊದಲು ಬಟ್ಟೆಗೆ ಹಚ್ಚುವ ಬಿಳಿ ಲೇಪ ಗೆಸ್ಸೊ ಎರಡು ಕೋಟ್ ಇರಲಿ.

ಸಾಗಣೆ ವೆಚ್ಚವನ್ನು ಬಜೆಟ್ಟಿನಲ್ಲಿ ಬೇರೆ ಸಾಲಿನಲ್ಲೇ ಬರೆಯಿರಿ. ಮಣ್ಣು ರಸ್ತೆ ಮಳೆಗೆ ಮುಚ್ಚಿದರೆ ಸರಕು ವಾರಗಟ್ಟಲೆ ಪಟ್ಟಣದಲ್ಲೇ ಬಿದ್ದಿರುತ್ತದೆ. ಮುಗಿದ ಚಿತ್ರ ಕಳಿಸುವುದಕ್ಕೂ ಸಾಮಗ್ರಿ ಬೇಕು. ದಪ್ಪ ಕೊಳವೆ ಮತ್ತು ಅಂಟಿಕೊಳ್ಳದ ಸಿಲಿಕೋನ್ ಕಾಗದ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಅಕ್ರಿಲಿಕ್ ಮೆದುವಾಗುತ್ತದೆ. ಎರಡು ಚಿತ್ರ ಮುಖಾಮುಖಿ ಇದ್ದರೆ ಅಂಟಿಕೊಂಡು, ಬಿಡಿಸುವಾಗ ಚುಕ್ಕೆಗಳೇ ಕಿತ್ತುಬರುತ್ತವೆ. ಬಣ್ಣದ ಮುಖ ಹೊರಗೆ ಬರುವಂತೆ, ನಡುವೆ ಕಾಗದ ಇಟ್ಟು, ಸಡಿಲವಾಗಿ ಸುತ್ತಬೇಕು.

ಆದರೆ ಅನುದಾನದ ನಿಯಮಗಳು ನಿಜಕ್ಕೂ ಸೋಲುವುದು ಆಸ್ಟ್ರೇಲಿಯಾದ ಉತ್ತರದ ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ. ಅಲ್ಲಿ ಚಿತ್ರ ಬರೆಯುವುದು ಸ್ಟ್ರಿಂಗಿಬಾರ್ಕ್ ಅನ್ನುವ ನೀಲಗಿರಿ ಜಾತಿಯ ಮರದ ತೊಗಟೆಯ ಮೇಲೆ. ಮಳೆಗಾಲದಲ್ಲಿ ರಸ ಹರಿಯುವಾಗ ಮಾತ್ರ ತೊಗಟೆ ಸಲೀಸಾಗಿ ಬಿಡುತ್ತದೆ. ಕೊಡಲಿಯಲ್ಲಿ ಮೇಲೆ ಕೆಳಗೆ ಸುತ್ತ ಕಡಿದು, ಉದ್ದಕ್ಕೆ ಸೀಳಿ ಬಿಡಿಸುತ್ತಾರೆ. ಬೆಂಕಿಯ ಮೇಲೆ ಕಾಯಿಸಿ, ನೆಲಕ್ಕೆ ಒತ್ತಿ, ಕಲ್ಲು ಹೇರಿ ಚಪ್ಪಟೆ ಮಾಡಿ ಒಣಗಿಸುತ್ತಾರೆ. ಸರಿಯಾಗಿ ಒಣಗದಿದ್ದರೆ ಮತ್ತೆ ಸುರುಳಿಯಾಗಿ ಸೀಳುತ್ತದೆ. ಕೆಂಪು, ಹಳದಿ ಕಾವಿಮಣ್ಣು, ಬಿಳಿ ಜೇಡಿ, ಇದ್ದಿಲನ್ನು ಕಲ್ಲಿನ ಮೇಲೆ ತೇಯುತ್ತಾರೆ. ಹಿಂದೆ ಅಂಟಿಗೆ ಆರ್ಕಿಡ್ ರಸ, ಈಗ ಪಿವಿಎ ಅನ್ನುವ ಅಂಗಡಿಯ ಬಿಳಿ ಗೋಂದು. ಗೋಂದು ಕಮ್ಮಿಯಾದರೆ ಬೆರಳಿಗೆ ಬಣ್ಣ ಬರುತ್ತದೆ, ಹೆಚ್ಚಾದರೆ ಹೊಳಪು ಬಂದು ಸಿಪ್ಪೆ ಏಳುತ್ತದೆ. ಸಣ್ಣ ಗೆರೆಯ ಕುಂಚ ಮನುಷ್ಯರ ತಲೆಗೂದಲಿನದು.

ಇದರಲ್ಲಿ ರಶೀದಿ ಸಿಗುವುದು ಗೋಂದಿನ ಡಬ್ಬಿಗೆ ಮಾತ್ರ! ನಮ್ಮ ಮಲೆನಾಡಿನ ದೀವರ ಹಸೆ ಚಿತ್ತಾರಕ್ಕೂ ಇದೇ ಪಾಡು. ಪುಂಡಿ ನಾರಿನ ಕುಂಚಕ್ಕೆ, ಕೆಮ್ಮಣ್ಣಿಗೆ, ಅಕ್ಕಿ ಅರೆದ ಬಿಳಿಗೆ ಬಿಲ್ಲು ಎಲ್ಲಿಂದ ತರುವುದು? ಅಂಗಡಿಯಿಂದ ಕೊಂಡದ್ದಷ್ಟೇ ಸಾಮಗ್ರಿ ಅಂತ ನಿಯಮ ಮಾಡಿದರೆ ಹಳೇ ಮಾಧ್ಯಮ ಬಿಟ್ಟು ಕ್ಯಾನ್ವಾಸಿಗೆ ಬನ್ನಿ ಅಂತ ಕಲಾವಿದರನ್ನು ತಳ್ಳಿದ ಹಾಗೆ. ಅದು ಅವರ ಆಯ್ಕೆಯಾಗಿರಬೇಕು, ಲೆಕ್ಕಪತ್ರದ ಒತ್ತಾಯ ಆಗಬಾರದು.

ಅರ್ಜಿಯಲ್ಲಿ ಸಂಗ್ರಹದ ಖರ್ಚಿಗೆ ಜಾಗ ಬೇಕು: ಗಾಡಿ ಬಾಡಿಗೆ, ಡೀಸೆಲ್, ಕೊಡಲಿ, ಜೊತೆಗೆ ಬಂದವರ ದಿನಗೂಲಿ. ರಶೀದಿಯ ಬದಲು ದಿನಾಂಕ, ಜಾಗ, ತೊಗಟೆಗಳ ಸಂಖ್ಯೆ ಮತ್ತು ಒಂದು ಫೋಟೋ ಸಾಕು. ಜಾಗ ಪವಿತ್ರ ಅಂತಾದರೆ ಹೆಸರು ಕೇಳಲೇಬಾರದು. ಆರ್ನ್‌ಹೆಮ್ ಲ್ಯಾಂಡ್‌ನಲ್ಲಿ ಮಳೆಗಾಲ ಶುರುವಾಗುವುದು ಡಿಸೆಂಬರಿನ ಹೊತ್ತಿಗೆ, ಹಾಗಾಗಿ ತೊಗಟೆಯ ಹಣ ಡಿಸೆಂಬರಿಗೆ ಮೊದಲೇ ಕೈ ಸೇರಬೇಕು. ಜೂನ್‌ನಲ್ಲಿ ಮಂಜೂರಾದರೆ ಆ ಕಲಾವಿದ ಮುಂದಿನ ಮಳೆಗಾಲದವರೆಗೂ ಕಾಯಬೇಕಾಗುತ್ತದೆ.