ಆ ಬ್ಲಾಗಿಗೆ ವಿಕಿಪೀಡಿಯ ಪುಟ ಬೇಕು ಅಂತ ನಾನು ಯಾಕೆ ಬರೆಯಲಿಲ್ಲ

ಹೋದ ವಾರ ಗೆಳೆಯ ಫೋನ್ ಮಾಡಿ ತುಂಬಾ ಬೇಜಾರು ಮಾಡಿಕೊಂಡ. ಹಳೆಯ ಹಾಸ್ಯ ಬ್ಲಾಗೊಂದರ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಅವನು ಬರೆದಿದ್ದ ಲೇಖನವನ್ನು ಅಳಿಸಬೇಕು ಅಂತ ಯಾರೋ ಹಾಕಿದ್ದರು. "ನೀನೂ ಓದಿ ನಕ್ಕಿದ್ದೀಯಲ್ಲೋ, ಚರ್ಚೆ ಪುಟಕ್ಕೆ ಬಂದು ಉಳಿಸಿ ಅಂತ ಒಂದು ಮಾತು ಬರಿ" ಅಂದ.

ನಕ್ಕಿದ್ದು ನಿಜ. 2007ರ ಸುಮಾರಿಗೆ ಆಫೀಸಿನಲ್ಲಿ ಊಟದ ಹೊತ್ತಿಗೆ ನಾಲ್ಕೈದು ಜನ ಒಂದೇ ಮಾನಿಟರ್ ಮುಂದೆ ನಿಂತು ಅದನ್ನು ಓದುತ್ತಿದ್ದೆವು. ಕಂಪ್ಯೂಟರಿನಲ್ಲಿ ಕನ್ನಡ ಕಂಡರೇ ಖುಷಿಯಾಗುತ್ತಿದ್ದ ಕಾಲ ಅದು. ಆದರೂ ಉಳಿಸಿ ಅಂತ ಬರೆಯೋಕೆ ನನಗೆ ಮನಸ್ಸು ಬರಲಿಲ್ಲ.

ಲೇಖನದ ಕೆಳಗಿದ್ದ ಐದೂ ಉಲ್ಲೇಖಗಳನ್ನು ತೆರೆದು ನೋಡಿದೆ. ಮೂರು ಅದೇ ಬ್ಲಾಗಿಗೆ ಹೋಗುತ್ತಿದ್ದವು. ನಾಲ್ಕನೆಯದು ಬ್ಲಾಗ್ ಬರೆದವರ ಸ್ನೇಹಿತರದ್ದು. ಐದನೆಯದು ಪತ್ರಿಕೆಯೊಂದರ ಕೊಂಡಿ, ಒತ್ತಿದರೆ ಪುಟವೇ ಇಲ್ಲ. ಗೆಳೆಯ ಹಟ ಬಿಡದೆ ಆ ಪತ್ರಿಕೆಯ ಕಟಿಂಗ್ ಹುಡುಕಿ ವಾಟ್ಸ್‌ಆಪ್ ಮಾಡಿದ. ಭಾನುವಾರದ ಪುರವಣಿ, ಹಳದಿಯಾದ ಕಾಗದ, ಹತ್ತು ಬ್ಲಾಗುಗಳ ಪಟ್ಟಿ. ಇದಕ್ಕೆ ಸಿಕ್ಕಿದ್ದು ಎರಡೇ ಸಾಲು.

ವಿಕಿಪೀಡಿಯದಲ್ಲಿ ಪುಟ ಉಳಿಯಬೇಕಾದರೆ ಬ್ಲಾಗಿಗೆ ಸಂಬಂಧ ಇಲ್ಲದವರು, ನಂಬುವಂಥ ಕಡೆ, ವಿವರವಾಗಿ ಬರೆದಿರಬೇಕು. ವಿಕಿಪೀಡಿಯದವರು ಗಮನಾರ್ಹತೆ ಅನ್ನೋದು ಇದಕ್ಕೇ. ಎಷ್ಟು ಜನ ಓದಿದರು, ಚರ್ಚೆಯಲ್ಲಿ ಎಷ್ಟು ಜನ ಉಳಿಸಿ ಅಂದರು ಅನ್ನೋದರಿಂದ ಅದು ತೀರ್ಮಾನ ಆಗಲ್ಲ. ಹಾಸ್ಯದ ಬ್ಲಾಗಿಗಂತೂ ಈ ನಿಯಮ ಇನ್ನೂ ಜಾಸ್ತಿ ಬೇಕು ಅಂತ ನನಗೆ ಅನ್ನಿಸಿದ್ದು ಆ ಲೇಖನ ಓದುವಾಗಲೇ. ಯಾಕಂದ್ರೆ ಗೆಳೆಯ ಬ್ಲಾಗಿನ ಪರಿಚಯ ಪುಟದಿಂದ ವಿವರ ತೆಗೆದುಕೊಂಡಿದ್ದ, ಆ ಪರಿಚಯವೇ ತಮಾಷೆಗೆ ಬರೆದದ್ದು! ಶುರುವಾದ ವರ್ಷ, ಓದುಗರ ಸಂಖ್ಯೆ, ಸಂಪಾದಕರ ಹೆಸರು ಎಲ್ಲಾ ನಗಿಸೋಕೆ ಕಟ್ಟಿದ್ದು. ನಾಳೆ ಯಾವುದೋ ಹುಡುಗಿ ಪ್ರಾಜೆಕ್ಟಿಗೆ ಅಂತ ಅದನ್ನೇ ನಿಜ ಅಂತ ಬರೆದುಕೊಂಡರೆ?

ನಿಯಮ ಎಡವುತ್ತೆ, ಒಪ್ಪುತ್ತೇನೆ. ಭೌತವಿಜ್ಞಾನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಬಗ್ಗೆ ಬರೆದ ಕರಡನ್ನು 2018ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯ ವಾಪಸ್ ಕಳಿಸಿತ್ತು, ಕೊಟ್ಟ ಉಲ್ಲೇಖ ಸಾಲದು ಅಂತ. ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಬಂತು. ಸಾಧನೆ ಮೊದಲೂ ಇತ್ತು, ಅದರ ಬಗ್ಗೆ ಹೊರಗಿನವರು ಬರೆದದ್ದು ಆ ಕರಡಿನಲ್ಲಿ ಕಾಣಲಿಲ್ಲ, ಅಷ್ಟೇ.

ನನ್ನ ಸಿಟ್ಟು ಇರೋದು ಅಲ್ಲೇ, ಹೊರಗಿನವರು ಬರೆಯದೇ ಇರೋದರ ಮೇಲೆ. 1942ರಲ್ಲಿ ರಾಶಿ, ಅಂದರೆ ಡಾ. ಎಂ. ಶಿವರಾಂ, ಶುರು ಮಾಡಿದ ಹಾಸ್ಯ ಪತ್ರಿಕೆ 'ಕೊರವಂಜಿ' 25 ವರ್ಷ ನಡೆದು ನಿಂತಿತು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಅದು ನಿಂತ ಮೇಲೂ ಜನ ಅದರ ಬಗ್ಗೆ ಬರೆದರು, ಹಾಗಾಗಿ ಇವತ್ತು ಅದರ ಬಗ್ಗೆ ಲೇಖನ ಬರೆಯಲು ಯಾರೂ ಪರದಾಡಬೇಕಿಲ್ಲ. ಬ್ಲಾಗುಗಳಲ್ಲಿ ಬಂದ ಹಾಸ್ಯದ ಬಗ್ಗೆ ನಾವು ಬರೆದದ್ದು ಎಷ್ಟು? ಒಂದು ಸಾಧಾರಣ ಪುಸ್ತಕಕ್ಕೂ ಪುರವಣಿಯಲ್ಲಿ ವಿಮರ್ಶೆ ಸಿಗುತ್ತೆ. ವರ್ಷಗಟ್ಟಲೆ ಸುಮ್ನೆ ಪ್ರೀತಿಗೆ ಬರೆದು ನಗಿಸಿದವರಿಗೆ ಪಟ್ಟಿಯಲ್ಲಿ ಎರಡು ಸಾಲು.

ಗೆಳೆಯನಿಗೆ ಇದನ್ನೇ ಹೇಳಿದೆ. ಪುಟ ಹೋದರೆ ಹೋಗಲಿ, ಮೊದಲು ಬರಹ ಉಳಿಸೋಣ ಅಂದೆ. ನಿನ್ನೆ ರಾತ್ರಿ ಇಬ್ಬರೂ ಕೂತು ಒಂದೊಂದೇ ಪೋಸ್ಟಿನ ವಿಳಾಸವನ್ನು, ಜಾಲಪುಟಗಳ ನಕಲು ಕಾಪಿಡುವ ವೇಬ್ಯಾಕ್ ಮಷಿನ್‌ಗೆ ಹಾಕಿದೆವು. ಚಿತ್ರಗಳು ಆಗಲೇ ಅರ್ಧಕ್ಕರ್ಧ ಹೋಗಿವೆ. ಮುಗಿದ ಮೇಲೆ ಅವನು ಪುರವಣಿಯೊಂದಕ್ಕೆ ಮೇಲ್ ಬರೆಯಲು ಕೂತ, ನಿಮ್ಮವರೇ ಯಾರಾದರೂ ಈ ಬ್ಲಾಗುಗಳನ್ನು ಓದಿ ಒಂದು ಪೂರ್ತಿ ಪುಟ ಬರೆಯಿರಿ ಅಂತ.