ನನ್ನ ಕಾರು ಯಾವ ಕ್ಲಾಸ್? ಅಷ್ಟು ಹೇಳಿ ಸಾಕು

ಹೋದ ಭಾನುವಾರ ಆಟೋಕ್ರಾಸ್ ರೇಸಿಗೆ ಹೋಗಿ ಬಂದಾಗಿನಿಂದ ಹೊಟ್ಟೆ ಉರಿಯುತ್ತಿದೆ. ಮೂರು ದಿನ ಆಯಿತು, ಇನ್ನೂ ತಣ್ಣಗಾಗಿಲ್ಲ. ಮನೆಯಲ್ಲಿ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಟೋಕ್ರಾಸ್ ಗೊತ್ತಿಲ್ಲದವರಿಗೆ ಎರಡು ಮಾತು. ಬಯಲಿನಲ್ಲಿ ಕೋನ್ ಇಟ್ಟು ಒಂದು ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು ಬಿಡುತ್ತಾರೆ. ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದರು. ಪಕ್ಕದಲ್ಲಿ ಇನ್ನೊಂದು ಕಾರು ಓಡುತ್ತಿರುವುದಿಲ್ಲ. ಹಾಗಾಗಿ ನಿಮ್ಮ ಟೈಮನ್ನು ಯಾರ ಟೈಮಿನ ಪಕ್ಕ ಇಟ್ಟು ನೋಡುತ್ತಾರೆ ಅನ್ನುವುದೇ ಮುಖ್ಯ. ಅದನ್ನು ಹೇಳುವುದು ಕ್ಲಾಸ್. ಕ್ಲಾಸ್ ತಪ್ಪಿತೋ, ಎಷ್ಟು ಚೆನ್ನಾಗಿ ಓಡಿಸಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ನನ್ನದು 2008ರ ಸ್ವಿಫ್ಟ್. 1.3 ಪೆಟ್ರೋಲ್, ಆರ್‌ಸಿಯಲ್ಲಿ 1298 ಸಿಸಿ ಅಂತಿದೆ. ಮೊದಲು ಚಿಕ್ಕಪ್ಪನ ಹತ್ತಿರ ಇತ್ತು. ನನ್ನ ಕೈಗೆ ಬಂದಾಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿತ್ತು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ. ಎಂಜಿನ್ ಬಿಚ್ಚಿಸಿದೆ. ಪಿಸ್ಟನ್ ರಿಂಗ್ ಸವೆದಿತ್ತು, ಬೋರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಅದೂ ಸವೆದಿತ್ತು. ಕಲಾಸಿಪಾಳ್ಯದ ಹತ್ತಿರ ಒಂದು ಲೇತ್‌ನಲ್ಲಿ ಬೋರ್ ಮಾಡಿಸಿದೆ, ಅಂದರೆ ಆ ಕೊಳವೆಯನ್ನು ಕೊರೆದು ಸ್ವಲ್ಪ ಅಗಲ ಮಾಡಿಸಿದೆ. ಜೆ.ಸಿ. ರೋಡಿನಲ್ಲಿ ಒಂದು ಸೈಜ್ ದೊಡ್ಡ ಪಿಸ್ಟನ್ ಸೆಟ್ ಸಿಕ್ಕಿತು, ಹಾಕಿಸಿದೆ. 0.25 ಮಿಲಿಮೀಟರ್ ಓವರ್‌ಸೈಜ್. ಹಳೆಯ ಎಂಜಿನ್ ಬೋರ್ ಸವೆದಾಗ ಎಲ್ಲರೂ ಮಾಡಿಸುವುದು ಇದನ್ನೇ. ಇದು ರಿಪೇರಿ. ರೇಸಿಗೆ ಅಂತ ಮಾಡಿಸಿದ್ದಲ್ಲ.

ಇನ್ನು ನಾನೇ ಇಷ್ಟಪಟ್ಟು ಬದಲಾಯಿಸಿದ್ದು ನಾಲ್ಕೇ ನಾಲ್ಕು. ಸ್ವಲ್ಪ ಗಟ್ಟಿಯಾದ ಶಾಕ್‌ಅಬ್ಸಾರ್ಬರ್, ಬ್ರೇಕ್ ಪ್ಯಾಡ್, ಹಿಂದಿನ ಸೈಲೆನ್ಸರ್, ಟೈರ್. ಟೈರ್ 165/80 ಇತ್ತು, 185/70 ಹಾಕಿಸಿದೆ. ಅದೇ 14 ಇಂಚಿನ ಚಕ್ರ. ಇದೇ ಸ್ವಿಫ್ಟ್‌ನ ಜೆಡ್‌ಎಕ್ಸ್‌ಐ ಮಾಡೆಲ್‌ಗೆ ಕಂಪನಿಯವರೇ ಈ ಸೈಜ್ ಕೊಡುತ್ತಿದ್ದರು. ಸ್ಪ್ರಿಂಗ್ ಮುಟ್ಟಿಲ್ಲ. ಬೇಕಂತಲೇ ಮುಟ್ಟಿಲ್ಲ. ಸ್ಪ್ರಿಂಗ್ ಬದಲಾಯಿಸಿದರೆ ಕ್ಲಾಸ್ ಮೇಲೆ ಹೋಗಬಹುದು ಅನ್ನುವ ಭಯ ಮೊದಲಿನಿಂದಲೂ ಇತ್ತು.

ಕ್ಲಾಸ್ ವಿಷಯ ಕೇಳೋಣ ಅಂತ ಎಂಟ್ರಿ ಕಟ್ಟುವ ಮುಂಚೆ ಆಯೋಜಕರಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲ ಮೂರು ಜನ ಎತ್ತಿದರು. ಮೊದಲನೆಯವರು "1400 ಸ್ಟಾಕ್ ಮೇಡಂ, ಯೋಚನೆ ಮಾಡಬೇಡಿ" ಅಂದರು. ಅಂದರೆ 1400 ಸಿಸಿ ಒಳಗಿನ, ಕಂಪನಿಯಿಂದ ಬಂದ ಹಾಗೇ ಇರುವ ಕಾರುಗಳ ಕ್ಲಾಸ್. ಎರಡನೆಯವರು ಶಾಕ್‌ಅಬ್ಸಾರ್ಬರ್ ಅಂದ ಕೂಡಲೇ "ಹಾಗಾದರೆ ಮಾಡಿಫೈಡ್" ಅಂದರು. ಅವರು ಕೊಡುವ ಕ್ಲಾಸ್ ಪಟ್ಟಿಯ ಹಾಳೆಯಲ್ಲಿ ಮಾಡಿಫೈಡ್ ಅನ್ನುವ ಕ್ಲಾಸೇ ಇಲ್ಲ! ಮೂರನೆಯವರು "ಗ್ರೌಂಡಿಗೆ ಬನ್ನಿ, ನೋಡಿ ಹೇಳ್ತೀವಿ" ಅಂದರು. ನೋಡಿ ಹೇಳುವುದು ಅಂದರೆ ಏನು? ದುಡ್ಡು ಕಟ್ಟಿ, ರಜೆ ಹೊಂದಿಸಿಕೊಂಡು, ಬೆಳಿಗ್ಗೆ 4 ಗಂಟೆಗೆ ಎದ್ದು, ಹೆಬ್ಬಾಳ ದಾಟಿ ದೇವನಹಳ್ಳಿ ಕಡೆಯ ಆ ಬಯಲಿಗೆ ಹೋದ ಮೇಲೆ ನನ್ನ ಕಾರು ಯಾವುದು ಅಂತ ನನಗೆ ಹೇಳುತ್ತಾರಂತೆ.

ಎಂಟ್ರಿ ಫಾರಂನಲ್ಲಿ "ಮಾರ್ಪಾಡು ಇದ್ದರೆ ಬರೆಯಿರಿ" ಅಂತ ಒಂದು ಕಾಲಂ ಇತ್ತು. ಬರೆದೆ. ಎಲ್ಲವನ್ನೂ ಬರೆದೆ. ಬೋರ್ ಮಾಡಿಸಿದ್ದನ್ನೂ ಬರೆದೆ. ಅದೇ ನಾನು ಮಾಡಿದ ತಪ್ಪಂತೆ.

ಭಾನುವಾರ ಬೆಳಿಗ್ಗೆ ಸ್ಕ್ರೂಟಿನಿ, ಅಂದರೆ ಓಡಿಸುವ ಮುಂಚೆ ಕಾರಿನ ತಪಾಸಣೆ. ಬಾನೆಟ್ ಎತ್ತಿದೆ. ಕಾರು ನೋಡಲು ಬಂದವರು ಫಾರಂ ಓದಿದರು, ಎಂಜಿನ್ ಕಡೆ ಒಂದು ಸಲ ಕಣ್ಣು ಹಾಯಿಸಿದರು.

"ಎಂಜಿನ್ ಓಪನ್ ಆಗಿದೆ ಅಲ್ವಾ ಮೇಡಂ?"

"ರಿಪೇರಿಗೆ ಬಿಚ್ಚಿದ್ದು ಸರ್. ಒಂದು ಸೈಜ್ ಬೋರ್, ಅಷ್ಟೇ."

"ಓಪನ್ ಆದರೆ ಸ್ಟಾಕ್ ಅಲ್ಲ. ಓಪನ್ ಕ್ಲಾಸ್‌ಗೆ ಹೋಗಿ."

"ಯಾವ ರೂಲ್ ಸರ್? ಎಲ್ಲಿ ಬರೆದಿದೆ?"

ಅವರು ಹಾಳೆಯ ಕೊನೆಯ ಸಾಲು ತೋರಿಸಿದರು. ಆಯೋಜಕರ ತೀರ್ಮಾನವೇ ಅಂತಿಮ.

ನಾನು ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಮಾಡುವವಳು. ಹನ್ನೊಂದು ವರ್ಷ ಆಯಿತು. ದಿನಾ ಬೋರ್ ಗೇಜ್ ಹಿಡಿಯುತ್ತೇನೆ. ಈ ಎಂಜಿನ್‌ನ ನಾಲ್ಕೂ ಬೋರನ್ನು ನಾನೇ ನಿಂತು ಅಳೆದಿದ್ದೇನೆ, ಹಾಳೆ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಒಂದು ಪಾರ್ಟ್ ರಿಜೆಕ್ಟ್ ಮಾಡಬೇಕಾದರೆ ಡ್ರಾಯಿಂಗ್ ಬೇಕು, ಡ್ರಾಯಿಂಗ್‌ನಲ್ಲಿ ಅಳತೆ ಬೇಕು, ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದೂ ಬೇಕು. ಅದಿಲ್ಲದೆ ನಾನು ಒಂದು ಬೋಲ್ಟ್ ಪಕ್ಕಕ್ಕೆ ಎಸೆದರೂ ಆಪರೇಟರ್ ನನ್ನನ್ನು ಸುಮ್ನೆ ಬಿಡುವುದಿಲ್ಲ. ಬಿಡಲೂಬಾರದು. ಇಲ್ಲಿ ಒಂದು ಕಾರನ್ನೇ ಎತ್ತಿ ಬೇರೆ ಕಡೆ ಹಾಕಿದರು. ಅಳತೆ ಇಲ್ಲ, ಗೇಜ್ ಇಲ್ಲ, ಬರೆದ ಸಾಲಿಲ್ಲ.

ಲೆಕ್ಕ ಇಷ್ಟೇ ನೋಡಿ. ಈ ಎಂಜಿನ್‌ನ ಬೋರಿನ ಅಗಲ 74 ಮಿಲಿಮೀಟರ್, ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, 75.5. ನಾಲ್ಕು ಸಿಲಿಂಡರ್ ಸೇರಿ 1298 ಸಿಸಿ. ಬೋರ್ 74.25 ಆದರೆ 1307. ಹೆಚ್ಚಾದದ್ದು 9 ಸಿಸಿ. ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳ ಇದೆಯಲ್ಲ, ಅದು ತುಂಬುವಷ್ಟೂ ಇಲ್ಲ. 1400ರ ಗೆರೆ ಮುಟ್ಟಲು ಇನ್ನೂ 93 ಸಿಸಿ ಬಾಕಿ ಇದೆ. ಅಷ್ಟಕ್ಕೆ ನನ್ನನ್ನು ಒಯ್ದು ಒಳಗೆ ರೋಲ್ ಕೇಜ್ ಅನ್ನುವ ಕಬ್ಬಿಣದ ಪಂಜರ ಹಾಕಿದ, ಸೀಟು ಕಿತ್ತು ಹಗುರ ಮಾಡಿದ, ಬೇರೆ ದೊಡ್ಡ ಎಂಜಿನ್ ಕೂರಿಸಿದ ಕಾರುಗಳ ಜೊತೆ ನಿಲ್ಲಿಸಿದರು. ನನ್ನ ಪಕ್ಕದಲ್ಲಿ ಒಂದು ಮಾರುತಿ ಎಸ್ಟೀಮ್ ನಿಂತಿತ್ತು. ಅದರೊಳಗೆ ಹಳೆಯ ಬಲೆನೋ ಕಾರಿನ 1.6 ಎಂಜಿನ್. ಚೆಂದದ ಕೆಲಸ ಮಾಡಿದ್ದರು, ಆ ಹುಡುಗರ ಮೇಲೆ ನನಗೆ ಗೌರವ ಇದೆ. ಅದು ನಿಜವಾಗಿ ಓಪನ್ ಕ್ಲಾಸ್ ಕಾರು. ನನ್ನದರಲ್ಲಿ ಹಿಂದಿನ ಸೀಟಿನ ಮೇಲೆ ಅಕ್ಕನ ಮಗನ ಸ್ಕೂಲ್ ಸ್ವೆಟರ್ ಬಿದ್ದಿತ್ತು.

ಸಾಲದ್ದಕ್ಕೆ ಇನ್ನೊಬ್ಬರು ಬಂದು, "ಯಾಕೆ ತಲೆ ಕೆಡಿಸಿಕೊಳ್ತೀರಾ ಮೇಡಂ, ಲೇಡೀಸ್ ಕ್ಲಾಸ್‌ಗೆ ಹಾಕಿಬಿಡ್ತೀವಿ. ಅಲ್ಲಿ ಯಾವ ಕಾರ್ ಆದರೂ ನಡೆಯುತ್ತೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಗೊತ್ತು. ಆದರೂ ಮೈಯೆಲ್ಲ ಉರಿಯಿತು. ನಾನು ಕೇಳಿದ್ದು ಕಾರಿನ ಕ್ಲಾಸ್. ನಾನು ಹೆಂಗಸು ಅನ್ನುವುದು ಆ ಪ್ರಶ್ನೆಗೆ ಉತ್ತರ ಹೇಗಾಗುತ್ತದೆ? ಲೇಡೀಸ್ ಕ್ಲಾಸ್ ಬೇಕು, ಹೊಸದಾಗಿ ಬರುವ ಹುಡುಗಿಯರಿಗೆ ಅದರಿಂದ ಧೈರ್ಯ ಬರುತ್ತದೆ. ನಾನೂ ಮೊದಲ ವರ್ಷ ಅಲ್ಲೇ ಓಡಿಸಿದವಳು. ಆದರೆ ಅಲ್ಲಿಗೆ ಹೋಗಬೇಕು ಅಂದರೆ ನಾನಾಗಿ ಹೋಗುತ್ತೇನೆ. ಬಗೆಹರಿಯದ ಕಾರನ್ನೆಲ್ಲ ತಂದು ತುಂಬುವ ಜಾಗ ಅಲ್ಲ ಅದು.

ಈಗ ನಿಜವಾಗಿ ಹೊಟ್ಟೆ ಉರಿಸಿದ ಸಂಗತಿಗೆ ಬರುತ್ತೇನೆ. ನನಗೆ ಸಿಗದ ಆ 1400 ಸ್ಟಾಕ್‌ನಲ್ಲಿ ಒಂದು 1197 ಸಿಸಿ ಟರ್ಬೊ ಕಾರು ಓಡಿತು. ಸಿಸಿ ನೋಡಿದರೆ ನನ್ನದಕ್ಕಿಂತ ಕಡಿಮೆ. ಆದರೆ ಟರ್ಬೊ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಅದಕ್ಕೇ ಜಗತ್ತಿನ ಮೋಟಾರ್ ರೇಸ್‌ಗಳಿಗೆ ನಿಯಮ ಬರೆಯುವ ಎಫ್‌ಐಎ ಸಂಸ್ಥೆಯ ಪುಸ್ತಕದಲ್ಲಿ ಟರ್ಬೊ ಪೆಟ್ರೋಲ್ ಕಾರಿನ ಸಿಸಿಯನ್ನು 1.7ರಿಂದ ಗುಣಿಸಿ ಆಮೇಲೆ ಕ್ಲಾಸ್ ಹೇಳುತ್ತಾರೆ. 1197ನ್ನು 1.7ರಿಂದ ಗುಣಿಸಿದರೆ ಸುಮಾರು 2035. 1400ರ ಹತ್ತಿರಕ್ಕೂ ಬರುವಂತಿಲ್ಲ ಆ ಕಾರು. ಇವರ ಹಾಳೆಯಲ್ಲಿ ಟರ್ಬೊ ಅನ್ನುವ ಪದವೇ ಇಲ್ಲ.

ಅದರ ಮೇಲೆ ಆ ಕಾರಿನ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ರಿಮ್ಯಾಪ್ ಆಗಿದೆ, ಹೆಚ್ಚು ಶಕ್ತಿ ಬರುವ ಹಾಗೆ ಅದರ ಸಾಫ್ಟ್‌ವೇರ್ ಬದಲಾಯಿಸಿದ್ದಾರೆ. ಇದು ನನ್ನ ಊಹೆ ಅಲ್ಲ, ತಿಂಡಿ ತಿನ್ನುವಾಗ ಓಡಿಸುವವರೇ ನಾಲ್ಕು ಜನರ ಮುಂದೆ ಖುಷಿಯಾಗಿ ಹೇಳಿಕೊಂಡರು. ಫಾರಂನಲ್ಲಿ ಏನು ಬರೆದಿದ್ದೀರಾ ಅಂತ ಕೇಳಿದೆ. "ಏನೂ ಇಲ್ಲ ಅಂತ. ಬಾನೆಟ್ ಎತ್ತಿದರೆ ಕಾಣುತ್ತಾ ಅದು?" ಅಂದರು.

ಕಾಣುವುದಿಲ್ಲ. ಅದೇ ಸಂಕಟ. ಸಾಫ್ಟ್‌ವೇರ್ ಬದಲಾಯಿಸಿದರೆ ಹೊರಗೆ ಒಂದು ನಟ್ಟೂ ಅಲುಗಿರುವುದಿಲ್ಲ. ಟರ್ಬೊ ಕಾರಿನಲ್ಲಿ ಅದೊಂದರಿಂದಲೇ ಬರುವ ಶಕ್ತಿಯ ಮುಂದೆ ನನ್ನ 9 ಸಿಸಿ ಯಾವ ಲೆಕ್ಕ? ಕಣ್ಣಿಗೆ ಕಾಣುವ ಕೆಂಪು ಶಾಕ್‌ಅಬ್ಸಾರ್ಬರ್‌ಗೆ ಹತ್ತು ಪ್ರಶ್ನೆ, ಕಾಣದ ರಿಮ್ಯಾಪ್‌ಗೆ ಒಂದೂ ಇಲ್ಲ. ನಿಜ ಬರೆದವಳು ಓಪನ್‌ಗೆ, ಬರೆಯದವರು ಸ್ಟಾಕ್‌ಗೆ.

ಜನ ಯಾಕೆ ಮುಚ್ಚಿಡುತ್ತಾರೆ ಅನ್ನುವುದೂ ನನಗೆ ಅರ್ಥ ಆಗುತ್ತದೆ. ನಾವು ಓಡಿಸುವುದು ರಸ್ತೆಯ ಮೇಲಿನ ಕಾರನ್ನೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಎಲ್ಲರಿಗೂ ಭಯ. ಕಾಗದದ ಮೇಲೆ ಏನನ್ನೂ ಬರೆದುಕೊಡಲು ಕೈ ಬರುವುದಿಲ್ಲ. ಅಂಥದ್ದರಲ್ಲಿ ಒಬ್ಬರು ಧೈರ್ಯ ಮಾಡಿ ಬರೆದುಕೊಟ್ಟರೆ ಅವರನ್ನು ಹೀಗೆ ನಡೆಸಿಕೊಂಡರೆ ಮುಂದಿನ ಸಲ ಯಾರು ಬರೆಯುತ್ತಾರೆ ಹೇಳಿ?

ಇದು ಬಗೆಹರಿಸಲಾಗದ ವಿಷಯವೂ ಅಲ್ಲ. ಅಮೆರಿಕದಲ್ಲಿ ಎಸ್‌ಸಿಸಿಎ ಅನ್ನುವ ಕ್ಲಬ್ ಆಟೋಕ್ರಾಸ್ ನಡೆಸುತ್ತದೆ, ಅವರು ಸೋಲೋ ಅಂತ ಕರೆಯುತ್ತಾರೆ. ಅವರ ಪುಸ್ತಕದಲ್ಲಿ ಸ್ಟ್ರೀಟ್ ಅನ್ನುವ ಕೆಳಗಿನ ಮಟ್ಟದಲ್ಲಿ ಏನೇನು ಮಾಡಬಹುದು ಅಂತ ಒಂದೊಂದಾಗಿ ಬರೆದಿದೆ. ಶಾಕ್‌ಅಬ್ಸಾರ್ಬರ್ ಬದಲಾಯಿಸಬಹುದು, ಸ್ಪ್ರಿಂಗ್ ಬದಲಾಯಿಸುವಂತಿಲ್ಲ. ಬ್ರೇಕ್ ಪ್ಯಾಡ್ ಆಗಬಹುದು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಿಂದ ಹಿಂದಿನ ಸೈಲೆನ್ಸರ್ ಆಗಬಹುದು. ಮಾಡಬಹುದು ಅಂತ ಬರೆದಿಲ್ಲದಿದ್ದರೆ ಮಾಡುವಂತಿಲ್ಲ, ಮಾತು ಮುಗಿಯಿತು. ಸವೆದ ಎಂಜಿನ್‌ಗೆ ಬೋರ್ ಮಾಡಿಸುವ ವಿಷಯವೂ ಅದರಲ್ಲಿದೆ! ಕಂಪನಿಯ ಮೊದಲ ಓವರ್‌ಸೈಜ್‌ವರೆಗೆ, 0.020 ಇಂಚು ಮೀರದ ಹಾಗೆ. ಅಂದರೆ ಸುಮಾರು ಅರ್ಧ ಮಿಲಿಮೀಟರ್. ನನ್ನದು ಅದರಲ್ಲಿ ಅರ್ಧ. ಎಫ್‌ಐಎಯವರ ಗ್ರೂಪ್ ಎ ಅನ್ನುವ ಕಾರು ವರ್ಗದ ನಿಯಮದಲ್ಲೂ 0.6 ಮಿಲಿಮೀಟರ್‌ವರೆಗೆ ಬೋರ್ ಮಾಡಿಸಬಹುದು ಅಂತಿದೆ, ಆ ಕ್ಲಾಸಿನ ಸಿಸಿ ಗೆರೆ ದಾಟದಿದ್ದರೆ ಸಾಕು. ಹಳೆ ಎಂಜಿನ್ ಸವೆಯುತ್ತದೆ ಅನ್ನುವುದು ನಿಯಮ ಬರೆದವರಿಗೆ ಗೊತ್ತಿತ್ತು. ಹದಿನೈದು ವರ್ಷ ದಾಟಿದ ಕಾರುಗಳನ್ನೇ ನಂಬಿಕೊಂಡಿರುವ ನಮ್ಮ ಊರಿನ ಆಟೋಕ್ರಾಸ್‌ಗೆ ಇಂಥ ನಿಯಮ ಎಲ್ಲರಿಗಿಂತ ಜಾಸ್ತಿ ಬೇಕು.

ಅವರಷ್ಟು ದಪ್ಪ ಪುಸ್ತಕ ನಾನು ಕೇಳುತ್ತಿಲ್ಲ. ಒಂದು ಪುಟ ಸಾಕು. ಸ್ಟಾಕ್ ಅಂದರೆ ಏನೇನು ಬದಲಾಯಿಸಬಹುದು, ಎಷ್ಟು ಬೋರ್ ಆಗಬಹುದು, ಟರ್ಬೊ ಇದ್ದರೆ ಎಷ್ಟರಿಂದ ಗುಣಿಸಬೇಕು. ಮತ್ತೆ, ಕೇಳಿದವರಿಗೆ ಎಂಟ್ರಿ ಮುಚ್ಚುವ ಮುಂಚೆ ಬರಹದಲ್ಲಿ ಉತ್ತರ.

ಗ್ರೌಂಡಿನಲ್ಲಿ ಬಿಸಿಲಲ್ಲಿ ನಿಂತು ಕಾರು ನೋಡುತ್ತಿದ್ದವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಭಾನುವಾರ ಬಿಟ್ಟು ಬಂದವರೇ, ಸಂಬಳ ಏನೂ ಇಲ್ಲ. ಅವರ ಕೈಯಲ್ಲಿ ನಿಯಮದ ಒಂದು ಹಾಳೆ ಕೊಡದೆ ಕಳಿಸಿದವರ ಮೇಲೆ ಸಿಟ್ಟು.

ಓಪನ್ ಕ್ಲಾಸ್‌ನಲ್ಲೇ ಓಡಿಸಿದೆ. ಅದನ್ನು ಎಲ್ಲರಿಗಿಂತ ಕೊನೆಗೆ ಬಿಡುತ್ತಾರೆ. ನನ್ನ ಸರದಿ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಬೆಳಿಗ್ಗೆ ಗಟ್ಟಿಯಾಗಿದ್ದ ಕೆಂಪು ಮಣ್ಣು ಅಷ್ಟೊತ್ತಿಗೆ ಕಿತ್ತುಬಂದು, ತಿರುವುಗಳಲ್ಲೆಲ್ಲ ಆಳವಾದ ಜಾಡು ಬಿದ್ದಿತ್ತು. ಧೂಳಿನಲ್ಲಿ ಕೋನ್ ಸರಿಯಾಗಿ ಕಾಣುತ್ತಿರಲಿಲ್ಲ. ಎರಡು ರನ್ ಕೊಟ್ಟರು. ಎರಡನೆಯದು ನಾನು ಇಲ್ಲಿವರೆಗೆ ಓಡಿಸಿದ್ದರಲ್ಲೇ ಚೆನ್ನಾಗಿತ್ತು, ಒಂದು ಕೋನೂ ಬೀಳಲಿಲ್ಲ. 1 ನಿಮಿಷ 8.4 ಸೆಕೆಂಡ್. ಹತ್ತು ಕಾರಿನಲ್ಲಿ ಎಂಟನೆಯದು.

ಸಂಜೆ ರಿಸಲ್ಟ್ ಹಾಳೆ ಹಚ್ಚಿದರು. 1400 ಸ್ಟಾಕ್‌ನಲ್ಲಿ ಮೊದಲನೆಯದು ಆ ಟರ್ಬೊ, 1 ನಿಮಿಷ 5.2. ಎರಡನೆಯದು 1 ನಿಮಿಷ 8.9. ನನ್ನ ಟೈಮ್ ಅದಕ್ಕಿಂತ ಅರ್ಧ ಸೆಕೆಂಡ್ ಕಡಿಮೆ, ಅದೂ ಕಿತ್ತುಹೋದ ನೆಲದ ಮೇಲೆ. ಟರ್ಬೊ ಅದರ ಜಾಗದಲ್ಲಿ ಇದ್ದು, ನಾನು ನನ್ನ ಜಾಗದಲ್ಲಿ ಇದ್ದಿದ್ದರೆ ಆ ಕ್ಲಾಸ್ ನನ್ನದು. ಆ ಹಾಳೆಯ ಮುಂದೆ ಎಷ್ಟೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕಣ್ಣಲ್ಲಿ ನೀರು ಬಂತು. ನನಗೆ ಟ್ರೋಫಿ ಬೇಕಿತ್ತು, ಅದನ್ನು ಹೇಳಲು ನಾಚಿಕೆ ಏನೂ ಇಲ್ಲ. ಎರಡು ವರ್ಷದಿಂದ ಅದಕ್ಕಾಗಿಯೇ ಓಡಿಸುತ್ತಿದ್ದೇನೆ.

ಸೋಮವಾರ ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಹುಡುಗ ಎಲ್ಲ ಕೇಳಿಸಿಕೊಂಡು, "ಅಕ್ಕ, ಮುಂದಿನ ಸಲ ಏನೂ ಇಲ್ಲ ಅಂತ ಬರೆದುಬಿಡಿ. ಯಾರು ಬಿಚ್ಚಿ ನೋಡ್ತಾರೆ?" ಅಂದ. ನನ್ನ ಮೇಲಿನ ಪ್ರೀತಿಗೆ ಹೇಳಿದ್ದು. ಆಗುವುದಿಲ್ಲ ಅಂದೆ. ಹಗಲೆಲ್ಲ ಬೇರೆಯವರು ಮಾಡಿದ ಪಾರ್ಟ್‌ಗಳಿಗೆ ಸರಿ ತಪ್ಪು ಬರೆದು ಸಹಿ ಹಾಕುವ ಕೈಯಲ್ಲಿ ಆ ಸುಳ್ಳು ಬರೆಯಲಾರೆ.

ಅವತ್ತೇ ರಾತ್ರಿ ಆಯೋಜಕರಿಗೆ ಪತ್ರ ಕಳಿಸಿದೆ. ನಾಲ್ಕೂ ಬೋರಿನ ಅಳತೆ, ಪಿಸ್ಟನ್ ಬಿಲ್ಲು, ಟೈರ್ ಸೈಜ್, ಶಾಕ್‌ಅಬ್ಸಾರ್ಬರ್ ಫೋಟೊ ಎಲ್ಲ ಇಟ್ಟೆ. ಕೊನೆಗೆ ಒಂದೇ ಪ್ರಶ್ನೆ: ಈ ಕಾರು ಯಾವ ಕ್ಲಾಸ್, ಯಾವ ನಿಯಮದ ಪ್ರಕಾರ? ಮುಂದಿನ ರೌಂಡಿನ ಎಂಟ್ರಿ ಶುಕ್ರವಾರ ಮುಚ್ಚುತ್ತದೆ. ಇವತ್ತು ಬುಧವಾರ, ರಾತ್ರಿ ಹತ್ತೂವರೆ. ಇನ್ನೂ ಉತ್ತರ ಬಂದಿಲ್ಲ.