ಸಮುದಾಯ ಭವನ ಕಟ್ಟುವ ಮುಂಚೆ ವಾರ್ಡಿನ ಜನರ ಮತ ಕೇಳಬೇಕಾ? ಪರ – ವಿರೋಧ

ಮಂಡ್ಯದಂಥ ಊರಿನಲ್ಲಿ ಸಮುದಾಯ ಭವನ ಮಂಜೂರಾಗುವ ರೀತಿ ಎಲ್ಲರಿಗೂ ಸುಮಾರಾಗಿ ಗೊತ್ತು. ಬಡಾವಣೆಯ ನಾಲ್ಕು ಜನ ಮುಖಂಡರು ಮನವಿ ಪತ್ರ ಹಿಡಿದು ಶಾಸಕರ ಮನೆಗೆ ಹೋಗುತ್ತಾರೆ. ಅವರು ಅದರ ಮೇಲೇ ಒಂದು ಷರಾ ಬರೆದು ಕಳಿಸುತ್ತಾರೆ. ಎಂಜಿನಿಯರ್ ಎಸ್ಟಿಮೇಟ್ ಮಾಡುತ್ತಾರೆ. ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ, ಟೆಂಡರ್, ಕಾರ್ಯಾದೇಶ. ಆಮೇಲೆ ಗುದ್ದಲಿ ಪೂಜೆ. ಪಕ್ಕದ ರಸ್ತೆಯವರಿಗೆ ವಿಷಯ ತಿಳಿಯುವುದು ಪೂಜೆಗೆ ಶಾಮಿಯಾನ ಹಾಕಿದ ದಿನ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಣ್ಣ ಊರುಗಳಲ್ಲಿ ಕ್ರಮ ಬೇರೆ. ಅಲ್ಲಿ ಸಾಲ ಮಾಡಿ ಭವನ ಕಟ್ಟಬೇಕಾದರೆ ಊರಿನ ಸಭೆಯಲ್ಲಿ ಮೂರರಲ್ಲಿ ಎರಡು ಪಾಲು ಮತ ಬೀಳಬೇಕು. ಊರು ಎತ್ತುವ ಆಸ್ತಿ ತೆರಿಗೆ ಸಾಮಾನ್ಯವಾಗಿ ವರ್ಷಕ್ಕೆ ಶೇ 2.5ಕ್ಕಿಂತ ಜಾಸ್ತಿ ಏರುವಂತಿಲ್ಲ. 1980ರಲ್ಲಿ ಜನರೇ ಮತ ಹಾಕಿ ತಂದ ಕಟ್ಟು ಅದು. ಭವನದ ಸಾಲಕ್ಕಾಗಿ ಆ ಮಿತಿ ದಾಟಬೇಕಾದರೆ ಮತ್ತೊಮ್ಮೆ ಮತಪೆಟ್ಟಿಗೆಯ ಮುಂದೆ ಹೋಗಬೇಕು.

ನಮ್ಮಲ್ಲೂ ಹಾಗೆ ಕೇಳಿದರೆ? ಎರಡೂ ಕಡೆಯಿಂದ ವಾದ ಬರೆದಿದ್ದೇನೆ. ಎರಡಕ್ಕೂ ಸಮ ಸಮ ತೂಕ ಕೊಟ್ಟಿಲ್ಲ. ಕೊಡಬೇಕು ಅಂತಲೂ ಅನಿಸಲಿಲ್ಲ.

ಪರ: ಕೇಳದೆ ಕಟ್ಟಿದ್ದಕ್ಕೇ ಬೀಗ ಬಿದ್ದಿರುವುದು

ಮೊದಲು ದುಡ್ಡು ಎಲ್ಲಿಂದ ಬರುತ್ತದೆ ನೋಡೋಣ. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ನಮ್ಮ ರಾಜ್ಯದಲ್ಲಿ ಶಾಸಕರಿಗೆ 2 ಕೋಟಿ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಇದರ ಜೊತೆಗೆ ಹಿಂದುಳಿದ ವರ್ಗಗಳ ಇಲಾಖೆ ಕೊಡುವ ಅನುದಾನ, ರಾಜ್ಯ ಹಣಕಾಸು ಆಯೋಗದ ಪಾಲು, ಕೊನೆಗೆ ನಗರಸಭೆಯ ಸ್ವಂತ ನಿಧಿ. ಕೇಂದ್ರ ಹಣಕಾಸು ಆಯೋಗದ ದುಡ್ಡಿನಲ್ಲಿ ದೊಡ್ಡ ಪಾಲು ನೀರು, ಕಸ, ಚರಂಡಿಗೇ ಮೀಸಲು. ಅದರಲ್ಲಿ ಭವನಕ್ಕೆ ಜಾಗ ಕಡಿಮೆ.

ಇವುಗಳಲ್ಲಿ ಯಾವುದೂ ನಮ್ಮ ಜೇಬಿನಿಂದ ಹೋದಂತೆ ಕಾಣುವುದಿಲ್ಲ. ‘ಅನುದಾನ ಬಂದಿದೆ’ ಅನ್ನುತ್ತೇವೆ. ಬಂದದ್ದನ್ನು ಯಾರು ಬೇಡ ಅಂತಾರೆ? ಎಷ್ಟು ಬಂತು, ಯಾರು ತಂದರು ಅನ್ನುವುದೇ ಮಾತು. ಈ ಬೀದಿಗೆ ಭವನ ಬೇಕಾ, ಗ್ರಂಥಾಲಯ ಬೇಕಾ, ಅಂಗನವಾಡಿಗೆ ಒಂದು ಸರಿಯಾದ ಕಟ್ಟಡ ಬೇಕಾ ಅನ್ನುವ ಪ್ರಶ್ನೆ ಎಲ್ಲೂ ಏಳುವುದೇ ಇಲ್ಲ.

ಅದೂ ಕಂತಿನಲ್ಲಿ ಬರುವ ದುಡ್ಡು. ಒಂದು ವರ್ಷ ಪಿಲ್ಲರ್ ಏಳುತ್ತದೆ. ಇನ್ನೊಂದು ವರ್ಷ ಚಾವಣಿ. ಆಮೇಲೆ ಚುನಾವಣೆ ಬಂತು, ಶಾಸಕರು ಬದಲಾದರು, ಕಂಬಿ ತುಕ್ಕು ಹಿಡಿಯಿತು. ಕಡತದಲ್ಲಿ ಅದಕ್ಕೆ ‘ಮುಂದುವರಿದ ಕಾಮಗಾರಿ’ ಅಂತ ಹೆಸರು. 5 ಲಕ್ಷದೊಳಗಿನ ಕೆಲಸಕ್ಕೆ ಟೆಂಡರ್ ಬೇಕಿಲ್ಲ ಅನ್ನುವ ಕಾರಣಕ್ಕೆ ಒಂದೇ ಕಟ್ಟಡವನ್ನು ತುಂಡು ಮಾಡಿ, ಕಾಂಪೌಂಡ್ ಒಬ್ಬರಿಗೆ, ಶೌಚಾಲಯ ಇನ್ನೊಬ್ಬರಿಗೆ ತುಂಡು ಗುತ್ತಿಗೆ ಕೊಡುವುದೂ ಹೊಸದೇನಲ್ಲ. ಪೂರ್ತಿ ಲೆಕ್ಕ ಒಂದೇ ಕಡೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮತ ಕೇಳಬೇಕಾದರೆ ಪೂರ್ತಿ ಲೆಕ್ಕ ಒಂದೇ ಹಾಳೆಯಲ್ಲಿ ಇಡಲೇಬೇಕಾಗುತ್ತದೆ. ನನ್ನ ಮಟ್ಟಿಗೆ ಮತಕ್ಕಿಂತ ಈ ಹಾಳೆಯೇ ದೊಡ್ಡ ಲಾಭ.

ಭವನದ ಒಳಗೊಮ್ಮೆ ಹೋಗಿ ನೋಡಿ. ಒಂದು ಹಾಲ್, ಮೂರಡಿ ಎತ್ತರದ ವೇದಿಕೆ, ಅದರ ಎಡಬಲಕ್ಕೆ ಎರಡು ಕೋಣೆ. ಹಿಂದೆ ಒಂದು ಅಡುಗೆ ಮನೆ. ಹೊಗೆ ಹೋಗುವುದಕ್ಕೆ ಒಂದು ಸಣ್ಣ ಕಿಟಕಿ. ಅಡುಗೆ ಮನೆಯ ಬಾಗಿಲು ತೆಗೆದರೆ ಎದುರಿಗೇ ಕಾಂಪೌಂಡ್ ಗೋಡೆ. ಮಂಡ್ಯದ ಕಡೆ ಮದುವೆ ಅಂದರೆ ಮುಹೂರ್ತಕ್ಕೇ ಮುಗಿಯುವುದಿಲ್ಲ. ಬೀಗರ ಊಟ ಇದೆ. ಸಾವಿರ ಜನಕ್ಕೆ ಮುದ್ದೆ ಕಟ್ಟಬೇಕು, ಬಾಡು ಬೇಯಬೇಕು. ಅದಕ್ಕೆ ನಾಲ್ಕು ದೊಡ್ಡ ಒಲೆ ಹೂಡುವಷ್ಟು ಬಯಲು ಬೇಕು, ನೀರಿನ ತೊಟ್ಟಿ ಬೇಕು, ಎಂಜಲೆಲೆ ಹಾಕಲು ಒಂದು ಮೂಲೆ ಬೇಕು. ಇದ್ಯಾವುದೂ ಸಿದ್ಧ ನಕ್ಷೆಯಲ್ಲಿ ಇರುವುದಿಲ್ಲ. ಹಾಗಾಗಿ ಭವನದ ಒಳಗೆ ಕುರ್ಚಿ, ಹೊರಗೆ ರಸ್ತೆ ಮೇಲೆ ಒಲೆ. ಕೆಲವು ಕಡೆ ಊಟವೂ ರಸ್ತೆ ಮೇಲೆಯೇ. ಆ ಬೀದಿಯ ಹೆಂಗಸರನ್ನು ಒಂದು ಸಲ ಕೂರಿಸಿ ಕೇಳಿದ್ದರೆ ‘ಹಾಲ್ ಚಿಕ್ಕದಾದರೂ ಚಿಂತೆಯಿಲ್ಲ, ಹಿಂದೆ ಜಾಗ ಬಿಡಿ’ ಅಂದಿರುತ್ತಿದ್ದರು.

ಕಟ್ಟಿದ ಮೇಲಿನ ಖರ್ಚು ಬೇರೆ. ಕರೆಂಟ್ ಬಿಲ್, ಕಾವಲಿನವರ ಸಂಬಳ, ಸುಣ್ಣ ಬಣ್ಣ, ತುಂಬಿದ ಪಿಟ್ಟು ಖಾಲಿ ಮಾಡಿಸುವುದು. ಸಂಸದರ ನಿಧಿ ಕಟ್ಟಡಕ್ಕೆ ಕೊಡುತ್ತದೆಯೇ ಹೊರತು ಅದನ್ನು ನಡೆಸುವ ತಿಂಗಳ ಖರ್ಚಿಗೆ ಕೊಡುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಮತ ಹಾಕುವವರಿಗೆ ಸಾಲ ಎಷ್ಟು, ಎಷ್ಟು ವರ್ಷ, ತನ್ನಂಥ ಒಂದು ಮನೆಗೆ ತೆರಿಗೆ ಎಷ್ಟು ಏರುತ್ತದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಸಾಲ ತೀರಿದ ಮೇಲೆ ಆ ಹೆಚ್ಚುವರಿ ತೆರಿಗೆ ಇಳಿಯುತ್ತದೆ. ಹೆಸರಿಟ್ಟು ತೆರಿಗೆ ತೆಗೆದುಕೊಳ್ಳುವುದು ನಮಗೂ ಹೊಸದಲ್ಲ. ಆಸ್ತಿ ತೆರಿಗೆಯ ಮೇಲೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3 ಸೆಸ್ ಕಟ್ಟುತ್ತಲೇ ಇದ್ದೇವೆ. ಭವನ ಬೇಕು ಅನ್ನುವ ವಾರ್ಡು ಅದರ ನಿರ್ವಹಣೆಗೆ ವರ್ಷಕ್ಕೆ ನೂರೋ ಇನ್ನೂರೋ ಕಟ್ಟಲು ಒಪ್ಪಲಿ. ಒಪ್ಪದಿದ್ದರೆ ಕಟ್ಟಡವೂ ಬೇಡ.

‘ಅದಕ್ಕೇ ಸದಸ್ಯರನ್ನು ಆರಿಸಿ ಕಳಿಸಿದ್ದೀವಲ್ಲ’ ಅನ್ನಬಹುದು. ಸರಿ, ಸದಸ್ಯರು ಇದ್ದರೆ ತಾನೇ? ಮೈಸೂರು ಪಾಲಿಕೆಯ 65 ವಾರ್ಡಿನ ಸದಸ್ಯರ ಅವಧಿ 2023ರ ನವೆಂಬರ್‌ಗೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ ಬಂದು ಕೂತರು. ಮಂಡ್ಯ ನಗರಸಭೆಗೆ 2018ರಲ್ಲಿ ಚುನಾವಣೆ ಆಯಿತು. ಮೀಸಲಾತಿ ಜಗಳ ಕೋರ್ಟಿಗೆ ಹೋಗಿ, ಅಧ್ಯಕ್ಷರು ಕುರ್ಚಿಯಲ್ಲಿ ಕೂತದ್ದು 2020ರ ಕೊನೆಗೆ. ಅಷ್ಟೂ ಕಾಲ ಊರಿನ ಪರವಾಗಿ ಸಹಿ ಹಾಕಿದ್ದು ಅಧಿಕಾರಿಗಳು. ಮೈಸೂರಿನ ಪುರಭವನ 1884ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ, ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ್ದು. ಅದರ ಅಂಗಳವನ್ನು ವಾಹನ ನಿಲ್ದಾಣಕ್ಕೆ ಅಂತ ಅಗೆದರು. ಆ ಕೆಲಸ ಹತ್ತು ವರ್ಷಕ್ಕೂ ಮೀರಿ ಎಳೆಯಿತು. ಊರಿನ ಹೃದಯದಲ್ಲಿರುವ ಜಾಗಕ್ಕೇ ಈ ಗತಿ ಆದರೆ ವಾರ್ಡಿನ ಮೂಲೆಯ ಭವನವನ್ನು ಕೇಳುವವರು ಯಾರು? ಅಲ್ಲಿ ವಾಸ ಮಾಡುವವರೇ ಕೇಳಬೇಕು. ಕೇಳುವುದಕ್ಕೆ ಅವರ ಕೈಯಲ್ಲಿ ಒಂದು ಚೀಟಿ ಇರಲಿ.

ವಿರೋಧ: ಮತ ಹಾಕಿಸಿದರೆ ಗೆಲ್ಲುವವರು ಯಾರು?

ಒಂದು ವಾರ್ಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಮುಖ್ಯರಸ್ತೆಯ ಎರಡೂ ಕಡೆ ಮಹಡಿ ಮನೆಗಳು. ಒಳಗೆ ಹೋದರೆ, ರಾಜಕಾಲುವೆಯ ಪಕ್ಕ, ಪೌರಕಾರ್ಮಿಕರ ಕಾಲೊನಿ. ಮಹಡಿ ಮನೆಯವರ ಮಗಳ ಮದುವೆ ಖಾಸಗಿ ಕಲ್ಯಾಣ ಮಂಟಪದಲ್ಲಿ ಆಗುತ್ತದೆ. ಅದರ ಬಾಡಿಗೆಯೇ ಲಕ್ಷದ ಮಾತು. ಕಾಲೊನಿಯವರಿಗೆ ನಾಮಕರಣಕ್ಕೂ ತಿಥಿಗೂ ರಸ್ತೆಯೇ ಗತಿ. ಈಗ ಇಲ್ಲಿ ಭವನಕ್ಕೆ ಮತ ಹಾಕಿಸಿ ನೋಡೋಣ. ‘ಗಲಾಟೆ ಆಗುತ್ತೆ, ಗಾಡಿ ನಿಲ್ಲಿಸೋಕೆ ಜಾಗ ಇರಲ್ಲ, ರಾತ್ರಿಯೆಲ್ಲಾ ಡೋಲು’ ಅಂತ ಮುಖ್ಯರಸ್ತೆಯವರು ಬೇಡ ಅನ್ನುತ್ತಾರೆ. ಅವರ ಸಂಖ್ಯೆ ಜಾಸ್ತಿ. ಅಲ್ಲಿಗೆ ಮುಗಿಯಿತು.

ಇದು ಬರೀ ಊಹೆ ಅಲ್ಲ. ಕಾನೂನು ಬರೆದವರಿಗೆ ಈ ಲೆಕ್ಕ ಗೊತ್ತಿತ್ತು. ಹಾಗಾಗಿಯೇ ಸಂಸದರ ನಿಧಿಯಲ್ಲಿ ಶೇ 15 ಪರಿಶಿಷ್ಟ ಜಾತಿಯವರಿರುವ ಜಾಗಕ್ಕೆ, ಶೇ 7.5 ಪರಿಶಿಷ್ಟ ಪಂಗಡದವರಿರುವ ಜಾಗಕ್ಕೆ ಅಂತ ಇಟ್ಟರು. ನಗರಸಭೆಗಳು ತಮ್ಮ ನಿಧಿಯಲ್ಲಿ ಶೇ 24.10 ಭಾಗವನ್ನು ಈ ಎರಡೂ ವರ್ಗದವರಿಗೆ ಎತ್ತಿಡಬೇಕು ಅಂತ ಮಾಡಿದರು. 2013ರಲ್ಲಿ ರಾಜ್ಯ ಕಾಯ್ದೆಯನ್ನೇ ತಂದು, ಬಜೆಟ್ಟಿನಲ್ಲಿ ಜನಸಂಖ್ಯೆಗೆ ತಕ್ಕಷ್ಟು ಪಾಲು ಇವರಿಗೆ ಸಿಗಬೇಕು ಅಂತ ಕಟ್ಟು ಹಾಕಿದರು. ಹೆಚ್ಚು ಜನ ಇರುವವರ ಮರ್ಜಿಗೆ ಬಿಟ್ಟರೆ ಕಡಿಮೆ ಜನ ಇರುವವರಿಗೆ ಏನೂ ಬರುವುದಿಲ್ಲ ಅಂತಲೇ ಇಷ್ಟೆಲ್ಲಾ. ಈಗ ಮತ್ತೆ ಅದೇ ಮರ್ಜಿ ಕೇಳಿ ಬನ್ನಿ ಅಂದರೆ? ಅಂಬೇಡ್ಕರ್ ಭವನಕ್ಕೆ ಊರೆಲ್ಲಾ ಸೇರಿ ಮತ ಹಾಕಿ ಒಪ್ಪಲಿ ಅಂತ ಕಾದಿದ್ದರೆ ಎಷ್ಟು ಊರುಗಳಲ್ಲಿ ಅದು ಮೇಲೇಳುತ್ತಿತ್ತು?

ಜಾತಿಗೊಂದು ಭವನ ಅಂತ ಮೂಗು ಮುರಿಯುವವರಿದ್ದಾರೆ. ಆ ಕೊರಗು ನನಗೂ ಇದೆ. ಆದರೆ ಒಬ್ಬರ ಭವನದಲ್ಲಿ ಇನ್ನೊಬ್ಬರಿಗೆ ಸಲೀಸಾಗಿ ಜಾಗ ಸಿಗುತ್ತಿದ್ದರೆ ಇಷ್ಟು ಭವನ ಕೇಳುತ್ತಿದ್ದರೇ?

ಮ್ಯಾಸಚೂಸೆಟ್ಸ್ ಮಾದರಿ ನೋಡಲು ಚೆನ್ನಾಗಿದೆ. ಅಲ್ಲಿ ಊರಿನ ಖರ್ಚಿನ ದೊಡ್ಡ ಭಾರ ಹೊರುವುದು ಆಸ್ತಿ ತೆರಿಗೆ. ‘ಹೌದು’ ಅಂತ ಕೈ ಎತ್ತಿದವನ ಮನೆಗೇ ಬಿಲ್ಲು ಹೋಗುತ್ತದೆ. ಅದಕ್ಕೇ ಜನ ಯೋಚನೆ ಮಾಡಿ ಕೈ ಎತ್ತುತ್ತಾರೆ. ಹಾಗಿದ್ದೂ ಆ ಸಭೆಗಳಿಗೆ ಬರುವುದು ಮತದಾರರಲ್ಲಿ ಒಂದು ಸಣ್ಣ ಪಾಲು. ನಮ್ಮಲ್ಲಿ ದುಡ್ಡು ವಿಧಾನಸೌಧದಿಂದಲೋ ದೆಹಲಿಯಿಂದಲೋ ಬರುತ್ತದೆ. ಬಂದದ್ದನ್ನು ಯಾರು ಬೇಡ ಅಂತಾರೆ ಅಂತ ಪರ ವಾದದವರೇ ಕೇಳಿದರಲ್ಲ, ಮತಪೆಟ್ಟಿಗೆಯ ಮುಂದೆ ನಿಂತರೂ ಅದೇ ಉತ್ತರ ಬರುತ್ತದೆ. ಬಾಡಿಗೆಗೆ ಇರುವವರ ಮಾತಂತೂ ಬಿಡಿ. ತೆರಿಗೆ ರಸೀದಿ ಮಾಲೀಕರ ಹೆಸರಿನಲ್ಲಿ ಇರುತ್ತದೆ, ಹೊರೆ ಮಾತ್ರ ತಿಂಗಳ ಬಾಡಿಗೆಯಲ್ಲಿ ಸೇರಿ ಇವರ ತಲೆ ಮೇಲೆ ಬರುತ್ತದೆ.

ವಾರ್ಡಿನವರೇ ನಿರ್ವಹಣೆಗೆ ಕಟ್ಟಲಿ, ಒಪ್ಪದಿದ್ದರೆ ಭವನ ಬೇಡ ಅನ್ನುವುದು ಇನ್ನೂ ಕೆಟ್ಟದು. ಕಟ್ಟುವ ಶಕ್ತಿ ಇರುವ ಬಡಾವಣೆಗೆ ಭವನ ಸಿಗುತ್ತದೆ. ಅವರಿಗೆ ಅದು ಬೇಕಾಗಿರುವುದಿಲ್ಲ.

ಇನ್ನು ಮಂಡ್ಯದಲ್ಲಿ ಮತ ಅಂದರೆ ಸುಮ್ನೆ ಮತ ಅಲ್ಲ. ಹಾಲಿನ ಡೇರಿ ಚುನಾವಣೆಯೇ ಹೇಗೆ ನಡೆಯುತ್ತದೆ ಅಂತ ನೋಡಿದವರಿಗೆ ಹೇಳಬೇಕಾಗಿಲ್ಲ. ಪಕ್ಷ ಬರುತ್ತದೆ, ಗುಂಪು ಬರುತ್ತದೆ. ಸೋತ ಗುಂಪು ಆ ಭವನದ ಮೆಟ್ಟಿಲು ಹತ್ತುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಜಾಗದ ವಿಷಯ. ಭವನದ ಜಗಳ ನೂರಕ್ಕೆ ತೊಂಬತ್ತು ಸಲ ಜಾಗದ ಜಗಳವೇ. ಬಡಾವಣೆಯ ನಕ್ಷೆಯಲ್ಲಿ ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ಸಿಎ ನಿವೇಶನ ಇರುತ್ತದೆ. ನಗರಾಭಿವೃದ್ಧಿ ಪ್ರಾಧಿಕಾರ ಅದನ್ನು ಸಾಮಾನ್ಯವಾಗಿ 30 ವರ್ಷಕ್ಕೆ ಗುತ್ತಿಗೆ ಕೊಡುತ್ತದೆ. ಅದನ್ನು ಯಾರೋ ಸಂಘ, ಟ್ರಸ್ಟು ತೆಗೆದುಕೊಂಡಿರುತ್ತವೆ. ಆಗ ಎಲ್ಲರ ಕಣ್ಣು ಪಾರ್ಕಿನ ಮೇಲೆ ಬೀಳುತ್ತದೆ. ಇಡೀ ವಾರ್ಡು ಒಟ್ಟಾಗಿ ‘ಪಾರ್ಕಿನಲ್ಲೇ ಕಟ್ಟಿ’ ಅಂತ ಮತ ಹಾಕಿದರೂ ಕಟ್ಟುವ ಹಾಗಿಲ್ಲ. ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸುವುದಕ್ಕೆಂದೇ 1985ರ ರಾಜ್ಯ ಕಾಯ್ದೆ ಇದೆ. ಬೆಂಗಳೂರಿನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಆಸ್ಪತ್ರೆಗೆ ಅಂತ ಕೊಟ್ಟಿದ್ದನ್ನೇ ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಆಸ್ಪತ್ರೆಗೇ ಇಲ್ಲ ಅಂದಮೇಲೆ ಮದುವೆ ಹಾಲಿಗೆ ಉಂಟೇ? ಮತದ ಹುಮ್ಮಸ್ಸಿನಲ್ಲಿ ಕಟ್ಟಲು ಹೊರಟರೆ ತಡೆಯಾಜ್ಞೆ ಬರುತ್ತದೆ. ತಡೆಯಾಜ್ಞೆ ತೆರವಾಗುವ ಹೊತ್ತಿಗೆ ಸಿಮೆಂಟು, ಕಬ್ಬಿಣದ ದರ ಏರಿ ಹಳೆ ಎಸ್ಟಿಮೇಟು ಕೆಲಸಕ್ಕೆ ಬಾರದಂತಾಗಿರುತ್ತದೆ.

ಅಡುಗೆ ಮನೆಯ ವಿಷಯ ಮಾತ್ರ ಪರ ವಾದದಲ್ಲಿ ಖಂಡಿತ ಸರಿ ಇದೆ. ಆದರೆ ಹಿಂದೆ ಬಯಲು ಬಿಡಬೇಕಾ ಅನ್ನುವುದು ಹೌದು-ಇಲ್ಲ ಚೀಟಿಯಲ್ಲಿ ಬರುವ ಮಾತಲ್ಲ. ಅದಕ್ಕೆ ನಕ್ಷೆ ಹಾಸಿಕೊಂಡು ಕೂರಬೇಕು. ಕೂರುವುದಕ್ಕೆ ಮಂಡ್ಯದಲ್ಲಿ ಜಾಗವೇ ಇಲ್ಲ, ತೊಂದರೆ ಇರುವುದು ಅಲ್ಲಿ. ಹಳ್ಳಿಗೆ ಗ್ರಾಮಸಭೆ ಇದೆ. ನಗರಕ್ಕೆ ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿ ಅಂತ ಹೇಳುತ್ತದೆ, ಆದರೆ ಅದು ಕಡ್ಡಾಯ ಆಗುವುದು 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಊರಿಗೆ. ಮೈಸೂರು ಅದರಲ್ಲಿ ಬರುತ್ತದೆ. 2011ರ ಜನಗಣತಿಯಲ್ಲಿ ಮಂಡ್ಯ ನಗರದಲ್ಲಿದ್ದವರು 1.37 ಲಕ್ಷ. ಹಳ್ಳಿಗಿರುವ ಸಭೆಯೂ ಇಲ್ಲ, ಮಹಾನಗರಕ್ಕಿರುವ ಸಮಿತಿಯೂ ಇಲ್ಲ. ಸಿಬ್ಬಂದಿ, ಸಮಯ, ಹಣ ಸುರಿದು ಮತ ಹಾಕಿಸುವ ಬದಲು, ಒಂದು ಭಾನುವಾರ ಆ ಬೀದಿಯ ಶಾಲೆಯಲ್ಲಿ ನಕ್ಷೆ ತೋರಿಸಿ ಮಾತಾಡಿಸಿದರೆ ಎಂಜಿನಿಯರಿಗೂ ನಾಲ್ಕು ವಿಷಯ ತಿಳಿಯುತ್ತದೆ.

ಆಮೇಲಿನದು ಲೆಕ್ಕ. ಭವನ ಉದ್ಘಾಟನೆಯಾದ ಮೇಲೆ ಬೀಗದ ಕೈ ಯಾರ ಮನೆಯಲ್ಲಿದೆ? ಬಾಡಿಗೆ ಯಾರು ವಸೂಲಿ ಮಾಡುತ್ತಾರೆ, ರಸೀದಿ ಕೊಡುತ್ತಾರಾ, ಆ ದುಡ್ಡು ನಗರಸಭೆಯ ಖಾತೆಗೆ ಹೋಗುತ್ತದಾ? ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ಕೇಳಬಹುದು. ಕೇಳುವವರು ಕಡಿಮೆ. ಕೇಳುವ ಮುಂಚೆಯೇ ಹೇಳಿಬಿಡಲಿ ಅನ್ನುವುದು ನನ್ನ ವಾದ. ಗುದ್ದಲಿ ಪೂಜೆಗೆ ಒಂದು ತಿಂಗಳ ಮುಂಚೆ ಜಾಗದಲ್ಲೇ ಬೋರ್ಡು ನಿಲ್ಲಿಸಲಿ. ಜಾಗ ಯಾರ ಹೆಸರಿನಲ್ಲಿದೆ, ಪೂರ್ತಿ ಖರ್ಚು ಎಷ್ಟು, ಯಾವ ನಿಧಿಯಿಂದ ಎಷ್ಟು, ಮುಗಿದ ಮೇಲೆ ಕರೆಂಟ್ ಬಿಲ್ ಕಟ್ಟುವವರು ಯಾರು, ಬಿಪಿಎಲ್ ಕಾರ್ಡಿನವರಿಗೆ ಬಾಡಿಗೆ ಎಷ್ಟು. ಬಾಡೂಟಕ್ಕೆ ಬಿಡುತ್ತೀರೋ ಇಲ್ಲವೋ ಅನ್ನುವುದನ್ನೂ ಅದರಲ್ಲೇ ಬರೆಯಲಿ. ಮಂಡ್ಯದಲ್ಲಿ ಅರ್ಧ ಜಗಳ ಅಲ್ಲಿಗೇ ತೀರುತ್ತದೆ.